ಸೊಂಡಿಲಪ್ಪನ ಹಿಂಗಾಲು

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಹೇಳಿ ಮರೆತುಬಿಡುವವರು ಒಂದು ಬಗೆ, ಅವರು ಸುಖಿಗಳು. ಹೇಳಿದ್ದನ್ನೇ ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನ ಪಕ್ಕದ ಸೀಟಿನವರ ಹತ್ತಿರ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮತ್ತೆ ಮತ್ತೆ ಹೇಳಿ ಕೊನೆಗೆ ತಾವೇ ನಂಬಿಕೊಳ್ಳುವವರು ಇನ್ನೊಂದು ಬಗೆ. ನಾನು ಈ ಎರಡನೇ ಪಂಗಡದವನು. 'ಚಿಕ್ಕಂದಿನಲ್ಲಿ ನಾನು ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಆನೆಯಾಗಿದ್ದೆ' ಎಂದು ಮೂವತ್ತೈದು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಪೂರ್ತಿ ಸುಳ್ಳು ಅನ್ನುವ ಹಾಗಿಲ್ಲ. ಆನೆ ಇದ್ದದ್ದು ನಿಜ, ಅದರೊಳಗೆ ನಾನು ಇದ್ದದ್ದೂ ನಿಜ. ಆದರೆ ಒಳಗೆ ಇಬ್ಬರಿದ್ದೆವು. ತಲೆ, ಸೊಂಡಿಲು, ಮುಂಗಾಲು ನನ್ನ ಸಹಪಾಠಿ ನಿಂಗರಾಜನವು. ಹಿಂಗಾಲು ಮತ್ತು ಬಾಲ ನನ್ನವು. ಹೀಗಾಗಿ ನನ್ನದು ನಡುವಿಗೆ ಸರಿಯಾಗಿ ಕತ್ತರಿಸಿದ ಅರ್ಧ ಸತ್ಯ.

ಈ ಅರ್ಧವನ್ನು ನನ್ನ ಹೆಂಡತಿ ಸರೋಜಳಿಗೂ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದ ದಿನ ಮಾತಿಗೆ ಏನೂ ಸಿಗದೆ ಆನೆಯ ವಿಷಯ ಎತ್ತಿದ್ದೆ; ಆಗ ಹಿಂಗಾಲಿನ ಪ್ರಸ್ತಾಪ ಮಾಡುವಷ್ಟು ಧೈರ್ಯ ಯಾವ ಗಂಡಿಗಿದೆ? ಮದುವೆಯಾದ ಮೇಲೆ ಅವಳು ಆ ಮಾಹಿತಿಯನ್ನು ತನ್ನದೇ ರೀತಿಯಲ್ಲಿ ಬಳಸಿಕೊಂಡಳು. "ಆನೆ ಆಗಿದ್ದೋರು, ಅಟ್ಟದ ಮೇಲಿನ ಆ ಪಾತ್ರೆ ಇಳಿಸಿಕೊಡಿ" ಎನ್ನುವಳು. ನಾನು ಇಳಿಸಿಕೊಡುವೆ.

ಹೋದ ವರ್ಷ ಹಲ್ಲುನೋವು ಬಂತು. ಹಾಸನದಲ್ಲಿ ನಾನು ಗ್ರಂಥಪಾಲಕನಾಗಿರುವ ಕಾಲೇಜಿನ ಎದುರಿಗೇ ಡಾಕ್ಟರ್ ವಾಣಿ ಎಂಬುವರ ದಂತ ಚಿಕಿತ್ಸಾಲಯವಿದೆ. ಬೇರೆ ಕ್ಲಿನಿಕ್ಕುಗಳಲ್ಲಿ ಭಕ್ತಿಗೀತೆ ಹಾಕಿರುತ್ತಾರೆ. ಅಲ್ಲಿ ಕೂತವರಿಗೆ ಅದರ ಅಗತ್ಯವೂ ಇರುತ್ತದೆ. ಇವರು ಮಾತ್ರ ಹಳೆಯ ಇಂಗ್ಲಿಷ್ ಪಾಪ್ ಹಾಡುಗಳನ್ನು ಹಾಕಿಕೊಂಡು ಹಲ್ಲು ಕೊರೆಯುತ್ತಾರೆ. ನಾನು ಬಾಯಿ ತೆರೆದು ಮಲಗಿದ್ದಾಗ ಒಂದು ಹಾಡು ಶುರುವಾಯಿತು. ಅದರ ತಾಳ ಕಿವಿಗೆ ಬಿದ್ದದ್ದೇ ನನ್ನ ಎರಡೂ ಕಾಲು ತಾವಾಗಿ ಅಲುಗಿದವು. ನಾವು ಚಪ್ಪಾಳೆ ತಟ್ಟುವ ಜಾಗದಲ್ಲಿ ಗಿಟಾರು ಸುಮ್ಮನಿರುತ್ತದೆ. ನಾವು ಕೈ ಎತ್ತಿದಾಗ ಅದು 'ಚಕ್' ಎನ್ನುತ್ತದೆ. "ಆಆ ಆಎ!" ಎಂದು ಕೂಗಿದೆ. ನಾನು ಆನೆ ಎಂದು ಅದರ ಅರ್ಥ. ಡಾಕ್ಟರು ಗಾಬರಿಯಾಗಿ, "ನೋವಾಗ್ತಿದ್ಯಾ ಸರ್?" ಎಂದು ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ಬಾಯಿಯೊಳಗಿನ ಹತ್ತಿ ತೆಗೆದ ಮೇಲೆ ವಿವರಿಸಿದೆ. ನಾನು ಹೊಳೆನರಸೀಪುರದಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ಕೃಷ್ಣಸ್ವಾಮಿ ಮೇಷ್ಟ್ರು 'ಸೊಂಡಿಲಪ್ಪನ ಸವಾರಿ' ಎಂಬ ಮಕ್ಕಳ ಕಾರ್ಯಕ್ರಮ ತಯಾರಿಸಿದರು. ಮೊದಲು ಒಂದು ಮಾದರಿ ಕಂತು ಮಾಡಿ ಬೆಂಗಳೂರಿಗೆ ಕಳಿಸುವುದು, ಅವರು ಒಪ್ಪಿದರೆ ವಾರವಾರವೂ ಬರುವುದು ಎಂದು ಅವರ ಯೋಜನೆ. ಇದಕ್ಕೆ ಪೈಲಟ್ ಅನ್ನುತ್ತಾರೆ. ಮೊಮ್ಮಗ ಪೈಲಟ್‌ಗೆ ಆಯ್ಕೆಯಾದ ಎಂದು ಕೇಳಿ ನಮ್ಮಜ್ಜಿ ವಿಮಾನವೆಲ್ಲ ಬೇಡ, ಬಿದ್ದರೆ ಏನು ಗತಿ ಎಂದು ಅತ್ತಿದ್ದರು. ಆ ಕಂತಿಗೆ ಹಾಡು ಮಾಡಿದವರು ಅರಕಲಗೂಡಿನ ಆರ್ಕೆಸ್ಟ್ರಾದ ಕೀಬೋರ್ಡ್ ಚಂದ್ರಣ್ಣ. ಅವರಿಗೆ ಯಾರೋ ಬೊಂಬಾಯಿಯಿಂದ ರೆಗ್ಗೇ ಎಂಬ, ಇದೇ ತಾಳದ ವಿದೇಶಿ ಸಂಗೀತದ ಒಂದು ಕ್ಯಾಸೆಟ್ ತಂದುಕೊಟ್ಟಿದ್ದರು. ಅಂದಿನಿಂದ ಚಂದ್ರಣ್ಣ ಗಣೇಶನ ಪೆಂಡಾಲಿನಲ್ಲೂ ಅದೇ ತಾಳ ಬಾರಿಸತೊಡಗಿ, ಊರಿನವರು ಇವನಿಗೆ ತಾಳಜ್ಞಾನ ಹೋಯಿತು ಎಂದು ತೀರ್ಮಾನಿಸಿದ್ದರು.

ಡಾಕ್ಟರು ಕೈಗವಸು ಕಳಚಿ ನನ್ನ ಮುಂದೆ ಕೂತರು. ಕಳೆದುಹೋದ ಮಕ್ಕಳ ಟಿವಿ ಕಾರ್ಯಕ್ರಮಗಳನ್ನು, ಅದರಲ್ಲೂ ಪ್ರಸಾರವೇ ಆಗದ ಪೈಲಟ್‌ಗಳನ್ನು ಹುಡುಕುವುದು ಅವರ ಹವ್ಯಾಸವಂತೆ. ಇಂಟರ್‌ನೆಟ್ಟಿನಲ್ಲಿ ಅಂಥ ಹುಚ್ಚಿನವರ ದೊಡ್ಡ ಗುಂಪೇ ಇದೆಯಂತೆ. "ರೆಗ್ಗೇ ಹಾಡಿರೋ ಕನ್ನಡ ಮಕ್ಕಳ ಪೈಲಟ್! ಸರ್, ಆ ಟೇಪ್ ಸಿಗಲೇಬೇಕು. ನೀವೇ ಆನೆ ಅಲ್ವಾ?"

"ಹೌದು" ಎಂದೆ. ಅರಿವಳಿಕೆಯಿಂದ ನಾಲಿಗೆ ಮರಗಟ್ಟಿತ್ತು. ಹಾಗಾಗಿ ಆ ಸುಳ್ಳಿಗೆ ನಾನೊಬ್ಬನೇ ಹೊಣೆಯಲ್ಲ.

ನಿಜವಾಗಿ ಆ ಟೇಪು ಸಿಗುವುದು ನನಗೆ ಬೇಕಿರಲಿಲ್ಲ. ಆನೆಯ ಮೈಯನ್ನು ಆಲೂಗೆಡ್ಡೆ ಮೂಟೆಯ ಗೋಣಿಚೀಲಗಳಿಂದ ಹೊಲಿದಿದ್ದರು. ಒಳಗೆ ನಾನು ಬಗ್ಗಿ ನಿಂಗರಾಜನ ಸೊಂಟ ಹಿಡಿದುಕೊಂಡಿದ್ದೆ. ನನಗೆ ಕಾಣುತ್ತಿದ್ದುದು ಅವನ ಖಾಕಿ ಚಡ್ಡಿಯ ತೇಪೆಯೊಂದೇ. ಅವನು ಹೆಜ್ಜೆಯಿಟ್ಟು ಎಳೆದಾಗ ನನ್ನ ಹೆಜ್ಜೆ. ಹಾಗಾಗಿ ಸದಾ ಅರ್ಧ ಗಳಿಗೆ ತಡ. ಹೊಳೆದಂಡೆಯಲ್ಲಿ ಕುಣಿಯುವ ದೃಶ್ಯದಲ್ಲಿ ಆನೆಯ ಮುಂಭಾಗ ಬಲಕ್ಕೂ ಹಿಂಭಾಗ ಎಡಕ್ಕೂ ಹೊರಟು, ಹೊಟ್ಟೆಯ ಹತ್ತಿರ ಹೊಲಿಗೆ ಪರ್ರನೆ ಹರಿಯಿತು, ನಿಂಗರಾಜ ಸೊಂಡಿಲಿನ ಮೇಲೆ ಬಿದ್ದ. ಕೆಲವು ತಿಂಗಳಾದ ಮೇಲೆ ಮೇಷ್ಟ್ರು, "ಬೆಂಗಳೂರಿನವರಿಗೆ ಹಿಡಿಸಲಿಲ್ಲ ಕಣ್ರಯ್ಯ" ಎಂದಷ್ಟೇ ಹೇಳಿದರು. ನಿಂಗರಾಜ ಶಾಲೆಯ ಬಾವಿಕಟ್ಟೆಯ ಹತ್ತಿರ ನನ್ನ ಕಾಲರ್ ಹಿಡಿದ. "ನೀನ್ ನೆಟ್ಟಗೆ ಕಾಲಾಕಿದ್ರೆ ನಾನು ಟೀವಿನಾಗೆ ಬತ್ತಿದ್ದೆ ಕಣ್ಲಾ! ಎಲ್ಲಾ ನಿನ್ನಿಂದ್ಲೇ ಆಳಾಯ್ತು." ಮೂರನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವನು ಮಾರನೆಯ ದಿನ ಬೇರೆ ಬೆಂಚಿಗೆ ಹೋದ. ಆ ಬೇಸಿಗೆಯಲ್ಲಿ ನಾವು ಹಾಸನಕ್ಕೆ ಬಂದೆವು. ಆಮೇಲೆ ನಾವಿಬ್ಬರೂ ಮಾತಾಡಲೇ ಇಲ್ಲ. ನನ್ನಿಂದಲೇ ಎಲ್ಲ ಹಾಳಾಯಿತೆಂದು ನಾನೂ ನಂಬಿದ್ದೆ. ಹಿಂಗಾಲಿನ ಸುದ್ದಿ ಎತ್ತದಿರುವುದಕ್ಕೆ ಜಂಬವೊಂದೇ ಕಾರಣವಲ್ಲ.

ಏನು ನೆಪ ಹೇಳಿದರೂ ಡಾಕ್ಟರು ಬಿಡಲಿಲ್ಲ. ಭಾನುವಾರ ಅವರ ಕಾರಿನಲ್ಲಿ ಅರಕಲಗೂಡಿಗೆ ಹೊರಟೆವು. 'ಆನೆಯ ಚರಿತ್ರೆ ನಾನೂ ನೋಡಬೇಕು' ಎಂದು ಸರೋಜ ಹಿಂದಿನ ಸೀಟಿನಲ್ಲಿ ಕೂತಳು. ಚಂದ್ರಣ್ಣ ಈಗ ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ರೆಗ್ಗೇ ಎಂಬ ಮಾತು ಕೇಳಿದ ಕೂಡಲೇ ಬಾಡಿಗೆ ಕುರ್ಚಿಯ ಮೇಲೆ ಬೆರಳಿನಿಂದ ಅದೇ ತಾಳ ಬಾರಿಸಿದರು.

"ಒಬ್ರಿಗೂ ಅರ್ಥ ಆಗ್ನಿಲ್ಲ ಮೇಡಮ್ಮೋರೆ. ಕೈ ತಟ್ಟೋ ಜಾಗ್ದಾಗೆ ಕಾಲಿಡ್ಬ್ಯಾಡಿ ಕಣ್ರಲಾ, ಕೈ ಎತ್ತೋ ಜಾಗ್ದಾಗೆ ಇಡಿ ಅಂತ ಆ ಐಕ್ಳಿಗೆ ಬಾಯ್ ಬಡ್ಕಂಡೆ. ಒಂದಾದ್ರೂ ಕಲೀನಿಲ್ಲ." ಆಮೇಲೆ ನನ್ನನ್ನು ದಿಟ್ಟಿಸಿದರು. "ನೀನು ಆನೇಲಿ ಮುಂದಿನೋನೋ, ಹಿಂದಿನೋನೋ?"

"ಒಳಗಿದ್ದವನು" ಎಂದೆ. ಸರೋಜ ನನ್ನ ಮುಖವನ್ನೇ ನೋಡಿದಳು. ಚಂದ್ರಣ್ಣ ಪುಣ್ಯಕ್ಕೆ ಮುಂದಿನ ಮಾತಿಗೆ ಹೋದರು: ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು, ಅವರ ಸಾಮಾನೆಲ್ಲ ಚನ್ನರಾಯಪಟ್ಟಣದಲ್ಲಿರುವ ತಂಗಿ ಪದ್ಮಮ್ಮನ ಮನೆಯಲ್ಲಿದೆ. ನಿಂಗರಾಜ ಹಿರೀಸಾವೆಯ ಹೆದ್ದಾರಿಯಲ್ಲಿ ಹೋಟೆಲು ನಡೆಸುತ್ತಿದ್ದಾನೆ.

ಮುಂದಿನ ಭಾನುವಾರ ಚನ್ನರಾಯಪಟ್ಟಣ. ಪದ್ಮಮ್ಮ ನಮಗೆ ಕಾಫಿ ಕೊಟ್ಟು, ಟ್ರಂಕಿನಿಂದ ಒಂದು ವಿಡಿಯೋ ಕ್ಯಾಸೆಟ್ ತೆಗೆದರು. ಮೇಲೆ 'ಪದ್ಮಳ ಸೀಮಂತ' ಎಂದು ಬರೆದಿತ್ತು. ಡಾಕ್ಟರ ಮುಖ ಬಾಡಿತು.

"ಇದೇನಮ್ಮಾ, ಆನೇದು ಅಂದ್ರಲ್ಲ?"

"ಇದೇ. ನನ್ನ ಸೀಮಂತದ ದಿನ ಆ ವಿಡಿಯೋದವನು ಖಾಲಿ ಕ್ಯಾಸೆಟ್ ಅಂತ ಅಣ್ಣನ ಮೇಜಿನ ಮೇಲಿದ್ದಿದ್ದನ್ನೇ ತಗೊಂಡು ಅದರ ಮೇಲೇ ತೆಗೆದುಬಿಟ್ಟ. ಶುರುವಿನದ್ದೆಲ್ಲ ಅಳಿಸಿಹೋಯ್ತು. ಇನ್ನೊಂದು ಪ್ರತಿ ಇರಲಿಲ್ಲ. ಬಸುರಿ ಮನಸ್ಸು ನೊಂದ್ಕೋಬಾರದು ಅಂತ ಅಣ್ಣ ತುಟಿ ಬಿಚ್ಚಲಿಲ್ಲ. ನನಗೆ ಹೇಳಿದ್ದು ಮಗ ಕಾಲೇಜಿಗೆ ಸೇರಿದ ಮೇಲೆ."

"ಮತ್ತೆ ಬೆಂಗಳೂರಿಗೆ ಕಳಿಸಿದ್ದು?" ಎಂದೆ.

"ಎಲ್ಲಿ ಕಳಿಸಿದ? ಮಕ್ಕಳಿಗೆ ಏನು ಹೇಳ್ಲಿ ಅಂತ ಒದ್ದಾಡಿ, ಅವರಿಗೆ ಹಿಡಿಸಲಿಲ್ಲ ಅಂದುಬಿಟ್ನಂತೆ." ಟ್ರಂಕಿನ ತಳದಿಂದ ಅವರು ಒಂದು ಕಂದು ಲಕೋಟೆ ತೆಗೆದುಕೊಟ್ಟರು. ಮೇಷ್ಟ್ರ ದುಂಡು ಅಕ್ಷರದಲ್ಲಿ ಬೆಂಗಳೂರಿನ ವಿಳಾಸ. ಸಾಲಾಗಿ ಅಂಚೆಚೀಟಿ. ಒಂದರ ಮೇಲೂ ಅಂಚೆಯ ಮುದ್ರೆ ಇರಲಿಲ್ಲ.

ಯಾರೂ ನಮ್ಮನ್ನು ತಿರಸ್ಕರಿಸಿರಲಿಲ್ಲ. ಯಾರೂ ನಮ್ಮನ್ನು ನೋಡಿಯೇ ಇರಲಿಲ್ಲ. ಪದ್ಮಮ್ಮ ಇನ್ನೊಂದು ಲೋಟ ಕಾಫಿ ತಂದಿಟ್ಟರು. ಲೋಟ ಖಾಲಿ ಮಾಡಿ ಡಾಕ್ಟರಿಗೆ ನಾನೇ ಹೇಳಿದೆ, "ಹಿರೀಸಾವೆಗೆ ಹೋಗೋಣ."

ಹೋಟೆಲಿನಲ್ಲಿ ಬಸ್ಸಿನ ಜನ ತುಂಬಿದ್ದರು. ಗಲ್ಲಾದ ಹಿಂದೆ ಕೂತಿದ್ದ ಭಾರೀ ಆಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ. "ಯಾರ್ಲಾ ಅದು? ನನ್ನ ಹಿಂಗಾಲು!"

ಸರೋಜ, "ಹಿಂಗಾಲಾ?" ಎಂದಳು. ಡಾಕ್ಟರು ಇಡ್ಲಿಯ ಕಡೆ ತಿರುಗಿದರು. ನಾನು ಲಕೋಟೆಯನ್ನು ಗಲ್ಲಾದ ಮೇಲಿಟ್ಟು ನಡೆದದ್ದನ್ನು ಹೇಳಿದೆ. ನಿಂಗರಾಜ ಕನ್ನಡಕ ಹಾಕಿಕೊಂಡು ಅಂಚೆಚೀಟಿಗಳನ್ನು ಒಂದೊಂದಾಗಿ ನೋಡಿದ. ಗಿರಾಕಿಗಳು ಚಿಲ್ಲರೆಗಾಗಿ ಕಾಯುತ್ತಾ ನಿಂತರು.

"ಅಂಗಾರೆ ಓಗ್ಲೇ ಇಲ್ವಾ ಸೀನಾ?"

"ಇಲ್ಲ ನಿಂಗ."

"ಥೂ. ಇಷ್ಟು ವರ್ಷ ಸುಮ್ಸುಮ್ಕೆ ನಿನ್ನ ಬೈಕಂಡು ಬಂದ್ನಲ್ಲೋ. ಮನೇಲಿ ಒಲೆ ಉರೀದಿದ್ರೂ ನಿನ್ನ ಬೈತಿದ್ದೆ." ಅವನ ಧ್ವನಿ ಒಡೆದಿತ್ತು. ಎದ್ದು ಬಂದು ನನ್ನ ಭುಜ ಹಿಡಿದುಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಅಂದ, "ಆದ್ರೂ ಅವತ್ತು ಕಾಲು ತಪ್ಪಾಕಿದ್ದು ನೀನೇ ಕಣ್ಲಾ."

ಒಪ್ಪಿಕೊಂಡೆ. ವಾಪಸು ಬರುವಾಗ ಶಾಂತಿಗ್ರಾಮದ ಹತ್ತಿರ ಸರೋಜ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿದಳು. "ಬಾಲಾನಾದ್ರೂ ಪೂರ್ತಿ ನಿಮ್ದೇನಾ?" ಎಂದು ಕೇಳಿದಳು.

ಕ್ಯಾಸೆಟ್ಟಿಗೆ ಹಿಡಿದಿದ್ದ ಬೂಷ್ಟನ್ನು ಹಲ್ಲು ಶುಚಿ ಮಾಡುವಷ್ಟೇ ತಾಳ್ಮೆಯಿಂದ ತೆಗೆದು, ಡಾಕ್ಟರು ಎಲ್ಲರನ್ನೂ ಕ್ಲಿನಿಕ್ಕಿಗೆ ಕರೆದರು. ರೋಗಿಗಳು ಕಾಯುವ ಬೆಂಚಿನ ಮೇಲೆ ನಾನು, ಸರೋಜ, ನಿಂಗರಾಜ, ಚಂದ್ರಣ್ಣ. ಮೊದಲು ಪದ್ಮಮ್ಮನ ಸೀಮಂತ ಬಂತು. ಹೆಂಗಸರು ಸಾಲಾಗಿ ಬಂದು ಬಳೆ ತೊಡಿಸಿದರು. ಐದನೆಯವರು ಕೈ ಚಾಚಿದ್ದೇ ಪರದೆಯ ಮೇಲೆ ಗೆರೆಗಳು ಎದ್ದು, ಆ ಕೈಯ ಜಾಗದಲ್ಲಿ ಬೂದು ಬಣ್ಣದ ಆನೆಯೊಂದು ಹೊಳೆದಂಡೆಯಲ್ಲಿ ನಿಂತಿತ್ತು. ಹಾಡು ಶುರುವಾಯಿತು. ಪರದೆಯ ಆನೆಯೊಳಗೆ ನಾವಿಬ್ಬರೂ ಕುಣಿದೆವು. ಸುತ್ತ ನಿಂತ ಮಕ್ಕಳು, ಆನೆಯ ಮುಂಗಾಲು, ಎಲ್ಲರೂ ಡ್ರಿಲ್ ಮಾಡುವವರ ಹಾಗೆ ಒಂದು-ಎರಡು, ಒಂದು-ಎರಡು ಎನ್ನುತ್ತಿದ್ದರು.

"ನಿಲ್ಸಿ ಡಾಕ್ಟ್ರೇ! ಇಂದಕ್ಕೆ ಓಗಿ!" ಚಂದ್ರಣ್ಣ ಎದ್ದು ಟಿವಿಯ ಹತ್ತಿರ ಹೋಗಿದ್ದರು. "ಆ ಇಂಗಾಲು ನೋಡಿ. ಕೈ ಎತ್ತೋ ಜಾಗ್ದಾಗೆ ಬೀಳ್ತಾ ಅದೆ. ಅಷ್ಟು ಐಕ್ಳಲ್ಲಿ ನನ್ನ ತಾಳ ಇಡ್ದಿದ್ದು ಅದೊಂದೇ ಕಣ್ರೀ!" ನಿಂಗರಾಜ ನನ್ನತ್ತ ಬೆರಳು ತೋರಿಸಿದ, ಚಂದ್ರಣ್ಣ ನನ್ನ ಕೈ ಹಿಡಿದುಕೊಂಡರು. "ನೀನಾ ಮಗ? ಒಬ್ನಿಗಾದ್ರೂ ಅರ್ಥ ಆಗಿತ್ತಲ್ಲ ನನ್ನಪ್ಪ." ಅವರ ಕಣ್ಣಲ್ಲಿ ನೀರು ನಿಂತಿತ್ತು.

ನನಗೆ ಏನೂ ಅರ್ಥವಾಗಿರಲಿಲ್ಲ, ನಿಂಗರಾಜ ಎಳೆದಾಗ ತಡವಾಗಿ ಕಾಲಿಡುತ್ತಿದ್ದೆ ಎಂದು ಹೇಳಬಹುದಿತ್ತು. ಸತ್ಯ ಹೇಳುವ ಸಂದರ್ಭಗಳು ಬಾಳಿನಲ್ಲಿ ಬೇಕಾದಷ್ಟು ಬರುತ್ತವೆ. ಇದು ಅವುಗಳಲ್ಲೊಂದಲ್ಲ ಅನ್ನಿಸಿತು. ತಲೆ ತಗ್ಗಿಸಿ ಕೂತೆ. ಅದನ್ನು ವಿನಯ ಎಂದು ಎಲ್ಲರೂ ತಿಳಿದರು, ಸರೋಜಳನ್ನು ಬಿಟ್ಟು.

ಡಾಕ್ಟರು ಆ ತುಣುಕನ್ನು ಇಂಟರ್‌ನೆಟ್ಟಿಗೆ ಹಾಕಿದರು. ಊರೂರಿನ ಹುಚ್ಚರು ಹಿಂಗಾಲನ್ನು ಕೊಂಡಾಡಿ ಬರೆದರು. ಸುದ್ದಿ ಹೊಳೆನರಸೀಪುರಕ್ಕೆ ತಲುಪಿ, ನಾವು ಓದಿದ ಶಾಲೆಯವರು ಮಕ್ಕಳ ದಿನಾಚರಣೆಗೆ ಮತ್ತೊಮ್ಮೆ ಸೊಂಡಿಲಪ್ಪನನ್ನು ಕುಣಿಸಬೇಕೆಂದರು. ಬಟ್ಟೆಯ ಹೊಸ ಆನೆ ಸಿದ್ಧವಾಯಿತು. ಆಗ ನಾನು ನನ್ನ ಜೀವಮಾನದ ಬೇಡಿಕೆ ಮುಂದಿಟ್ಟೆ. "ನಿಂಗ, ಈ ಸಲ ಮುಂದೆ ನಾನು."

"ನಂಗೂ ಸ್ವಂಟ ನೋವು ಕಣೋ" ಎಂದು ಸೊಂಟ ನೀವಿಕೊಂಡು, "ಆಯ್ತು ತಗಾ. ಆಸೆ ಉಳೀಬಾರ್ದು" ಎಂದ.

ಬೆಳಗ್ಗೆ ಹನ್ನೊಂದಕ್ಕೆ ಶಾಲೆಯ ಬಯಲಿನಲ್ಲಿ ಚಂದ್ರಣ್ಣ ಕೀಬೋರ್ಡಿನ ಹಿಂದೆ ಕೂತರು. ಆನೆಯ ಕಣ್ಣಿನ ತೂತಿನಿಂದ ನೋಡಿದೆ. ಐನೂರು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಹಿಂದೆ ಇದ್ದವನಿಗೆ ಇದೊಂದು ಕಾಟವಿರಲಿಲ್ಲ. ಅಂದು ನನಗೆ ಕಾಣುತ್ತಿದ್ದುದು ನಿಂಗರಾಜನ ಚಡ್ಡಿಯ ತೇಪೆಯೊಂದೇ. ಕಾಲು ಕಲ್ಲಾಯಿತು. ಸೊಂಡಿಲು ಎತ್ತಬೇಕಾದಾಗ ಕಿವಿ ಬಡಿದೆ, ಕುಣಿಯಬೇಕಾದಾಗ ನಿಂತೆ. ಹಿಂದಿನಿಂದ ನಿಂಗರಾಜ ಮಾತ್ರ ಆ ಭಾರೀ ಮೈ ಹೊತ್ತುಕೊಂಡು ಚಕ್, ಚಕ್ ಎಂದು ಕೈ ಎತ್ತುವ ಜಾಗದಲ್ಲೇ ಕಾಲಿಡುತ್ತಿದ್ದ. ತಿಂಗಳಿಡೀ ಹೋಟೆಲಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದನಂತೆ. ಮಕ್ಕಳು ಕೇಕೆ ಹಾಕಿ ನಕ್ಕರು, ಕುಣಿದರು.

ಮುಗಿದ ಮೇಲೆ ನಾನು ಆನೆಯ ತಲೆ ಕಳಚಿ ಹೊರಬಂದೆ. ನಿಂಗರಾಜ ಇನ್ನೂ ಹಿಂಭಾಗದ ಬಟ್ಟೆಯೊಳಗೆ ಸಿಕ್ಕಿಕೊಂಡು ಜಿಪ್ಪು ಹುಡುಕುತ್ತಿದ್ದ. ಎರಡು ಜಡೆಯ ಒಂದು ಹುಡುಗಿ ಆಟೋಗ್ರಾಫ್ ಪುಸ್ತಕ ಹಿಡಿದು ನನ್ನ ಹತ್ತಿರ ಓಡಿಬಂದಳು.

"ಅಂಕಲ್, ಹಿಂದಿನ ಕಾಲು ಎಷ್ಟು ಚೆನ್ನಾಗಿ ಕುಣೀತು! ಅದು ಯಾರು?"

ಆನೆಯ ತಲೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡೆ. "ನಾನೇ ಪುಟ್ಟಿ" ಎಂದು ಪೆನ್ನು ಇಸಿದುಕೊಂಡೆ.