ಅರ್ಧ ಬರೆದ ಮೂತ್ರಪಿಂಡ

ರೋಗಗಳಲ್ಲಿಯೂ ಮರ್ಯಾದಸ್ಥ ರೋಗಗಳು, ಹೇಳಿಕೊಳ್ಳಲಾರದ ರೋಗಗಳು ಎಂದು ಎರಡು ಪಂಗಡಗಳಿವೆ. ಜ್ವರ ಬಂದವರು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತು, ಹೋಗಿಬರುವವರಿಗೆಲ್ಲ ಅದರ ವರದಿ ಕೊಡಬಹುದು. ಕೆಮ್ಮು ತನ್ನ ಪರಿಚಯ ತಾನೇ ಮಾಡಿಕೊಳ್ಳುತ್ತದೆ. ಎದೆನೋವಿಗಂತೂ ಗೌರವವೇ ಗೌರವ. ಆದರೆ ಮದುವೆಯಾಗದ ಇಪ್ಪತ್ತನಾಲ್ಕರ ಹೆಣ್ಣುಮಗಳ ಮೂತ್ರಪಿಂಡದಲ್ಲಿ ಕಲ್ಲು ಕೂತರೆ, ನೋವು ಎಷ್ಟೇ ಘನವಾಗಿರಲಿ, ಅದರ ವಿಳಾಸ ಹೇಳುವ ಹಾಗಿಲ್ಲ. ನಾನು ಮೊದಲೇ ಮಿತಭಾಷಿ. ಹೇಳಬಹುದಾದ್ದನ್ನೇ ಹೇಳದವಳು ಹೇಳಬಾರದ್ದನ್ನು ಹೇಗೆ ಹೇಳಲಿ?

ಆಗ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಮಾನ್ವಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಒಂಬತ್ತನೆಯ ತರಗತಿಗೆ ಸಮಾಸ ಬಿಡಿಸಿ ತೋರಿಸುತ್ತಿದ್ದಾಗ, ಯಾರೋ ಬೆನ್ನೊಳಗೆ ಕೈಹಾಕಿ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು ಬಂತು. ಬೆನ್ನಿನಿಂದ ಹೊರಟು ಕಿಬ್ಬೊಟ್ಟೆಗೆ ಇಳಿಯಿತು. ನಾನು ಮೇಜಿನ ಹಿಂದೆ ಮೆಲ್ಲಗೆ ಕುಸಿದು ಕುಳಿತೆ. ಟೀಚರ್ ಬಿದ್ದ ಸೀಮೆಸುಣ್ಣ ಹುಡುಕುತ್ತಿದ್ದಾರೆಂದು ಹುಡುಗಿಯರು ಭಾವಿಸಿದರು. ನಾನೂ ಹಾಗೆಯೇ ಭಾವಿಸಲು ಬಿಟ್ಟೆ. ಗಂಟೆ ಹೊಡೆಯುವವರೆಗೂ ನೆಲದ ಮೇಲಿಂದಲೇ ತತ್ಪುರುಷ ಸಮಾಸ ವಿವರಿಸಿದೆ.

ರಾಯಚೂರಿನ ಮನೆಗೆ ಬಂದರೆ ಅವ್ವ ಹುರಳಿ ಕಟ್ಟು ಕುಡಿಸಿದಳು, ಬಾಳೆದಿಂಡಿನ ರಸ ಕುಡಿಸಿದಳು. ನಮ್ಮೂರ ಬಾವಿಯ ಸವುಳು ನೀರು ಕುಡಿದವರಲ್ಲಿ ಯಾರಿಗೆ ಕಲ್ಲಿಲ್ಲ ಹೇಳು ಎಂದು ಪಕ್ಕದ ಮನೆಯವರು ಸಮಾಧಾನ ಮಾಡಿದರು. ಎರಡು ತಿಂಗಳು ಹುರಳಿ ಬೆಂದಿತೇ ಹೊರತು ಕಲ್ಲು ಕರಗಲಿಲ್ಲ. ಕಡೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಹಿಂದಿನ ಸಂಜೆ ಔಡಲೆಣ್ಣೆ ಕುಡಿಸಿ ಹೊಟ್ಟೆ ಬರಿದು ಮಾಡಿಸಿ, ತೋಳಿಗೆ ಬಣ್ಣದ ಔಷಧ ಚುಚ್ಚಿ, ಫೋಟೊ ತೆಗೆದರು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು, ಕಡಲೆಕಾಳಿನಷ್ಟು ದಪ್ಪದ ಕಲ್ಲು ದಾರಿಗಡ್ಡ ಕೂತಿದೆ, ತಾನಾಗಿ ಇಳಿಯುವುದಿಲ್ಲ, ತಡಮಾಡಿದರೆ ಬಲಗಡೆಯ ಮೂತ್ರಪಿಂಡವೇ ಕೆಟ್ಟುಹೋದೀತು ಎಂದರು.

ತಂದೆ ತೀರಿಕೊಂಡಿದ್ದ ನಮ್ಮ ಮನೆಯಲ್ಲಿ ತೀರ್ಮಾನಗಳೆಲ್ಲ ಸೋದರಮಾವನವು. ಅವು ದೇವದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದವು. ಈ ಸಲ ತೀರ್ಮಾನದ ಜೊತೆಗೆ ಒಂದು ಸಂಬಂಧವೂ ಬಂದಿತ್ತು. ದೇವದುರ್ಗದ ಹತ್ತಿ ವ್ಯಾಪಾರದ ಮನೆತನ, ಓದಿದ ಹುಡುಗ, ಮುಂದಿನ ತಿಂಗಳು ನೋಡಲು ಬರುತ್ತಾರೆ. ಆಪರೇಶನ್ ಸುದ್ದಿ ಕೇಳಿ ಮಾವ ತಲೆಯ ಮೇಲೆ ಕೈಯಿಟ್ಟುಕೊಂಡ.

"ಲಗ್ನ ಒಂದು ಆಗಿಬಿಡ್ಲಿ ಯವ್ವಾ. ಆಮ್ಯಾಲೆ ಬೇಕಾದ್ದು ಕೊಯಿಸ್ಕೋ. ಹೊಟ್ಟಿ ಕೊಯಿಸಿದ ಹುಡುಗೀನ ಯಾರು ಮಾಡ್ಕೊಂತಾರ?"

"ಹೊಟ್ಟಿ ಅಲ್ಲ ಮಾವ, ಬೆನ್ನು" ಎಂದೆ. ನನ್ನ ನಿಖರತೆ ಅವನಿಗೆ ಹಿಡಿಸಲಿಲ್ಲ. ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಕಡ್ಡಿ ಮುರಿದ ಹಾಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಲಗ್ನಕ್ಕೆ ಒಂದು ಒಳ್ಳೆಯ ಮುಹೂರ್ತವಾದರೂ ಉಂಟು, ಕಲ್ಲಿಗೆ ಅದೂ ಗೊತ್ತಿಲ್ಲ. ಅದೇ ಸಂಜೆ ಮತ್ತೆ ಹಿಂಡಿತು. ನಾನು ಅವ್ವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ತಂದೆ, ಗಂಡ ಅಥವಾ ಪೋಷಕರ ಸಹಿ ಎಂದಿದ್ದ ಸಾಲು ತೋರಿಸಿ, ಇವರಲ್ಲಿ ಸಹಿ ಹಾಕುವವರು ಯಾರೂ ಇಲ್ಲ, ನಾನೇ ಹಾಕಬಹುದೇ ಎಂದು ಕೇಳಿದೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಕಲ್ಲು ಯಾರದು?"

"ನಂದ್ರೀ."

"ಹಂಗಾದ್ರ ಸಹೀನೂ ನಿಮ್ದ ಇರ್ಲಿ."

ಇಷ್ಟರವರೆಗೆ ನನ್ನ ಧೈರ್ಯಕ್ಕೆ ನಾನೇ ಬೆರಗಾಗಿದ್ದೆ. ಆ ಧೈರ್ಯ ಒಂದು ರಜೆ ಅರ್ಜಿಯ ಮುಂದೆ ಸೋತಿತು. ಹೆಡ್‌ಮಾಸ್ತರರಿಗೆ ಒಂದು ತಿಂಗಳ ರಜೆ ಬೇಡಿ ಬರೆಯಬೇಕು. ಕಿಡ್ನಿ ಎಂದು ಬರೆಯಲು ಕನ್ನಡ ಟೀಚರಿನ ಸ್ವಾಭಿಮಾನ ಒಪ್ಪದು. ಮೂತ್ರಪಿಂಡ ಎಂದು ಬರೆಯಲು ಹೆಣ್ಣುಮಗಳ ಸಂಕೋಚ ಒಪ್ಪದು. ಅರ್ಜಿಯನ್ನು ಗುಮಾಸ್ತ ಓದುತ್ತಾನೆ, ಜವಾನ ಓದುತ್ತಾನೆ, ಸ್ಟಾಫ್ ರೂಮಿನ ಮೇಜಿನ ಮೇಲೆ ಅದು ಅಂಗಾತ ಬಿದ್ದಿರುತ್ತದೆ. ಬಹಳ ಯೋಚಿಸಿ, ಸಮಾಸದ ಪೂರ್ವಪದವನ್ನು ಸದ್ದಿಲ್ಲದೆ ಕೈಬಿಟ್ಟು, "ಪಿಂಡದ ತೊಂದರೆಯ ನಿಮಿತ್ತ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಗಿದೆ" ಎಂದು ದುಂಡಗೆ ಬರೆದು ಕಳಿಸಿದೆ.

ಪಿಂಡ ಎಂದರೆ ಸತ್ತವರಿಗೆ ಇಡುವುದು, ಇಲ್ಲವೇ ಬಸಿರಲ್ಲಿ ಬೆಳೆಯುವುದು. ಬೇರೆಯವರ ಉತ್ತರಪತ್ರಿಕೆಯಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಅರ್ಧ ಅಂಕ ಕಳೆಯುತ್ತಿದ್ದ ನನಗೆ ಆ ಕ್ಷಣದಲ್ಲಿ ಇದು ಹೊಳೆಯಲಿಲ್ಲ. ಮಾನ್ವಿಗೆ ಹೊಳೆಯಿತು. ನಾನಂತೂ ಬದುಕಿದ್ದೆ, ಆದ್ದರಿಂದ ಊರು ಎರಡನೆಯ ಅರ್ಥವನ್ನು ಆರಿಸಿಕೊಂಡಿತು.

ನನಗಿದೇನೂ ಗೊತ್ತಿಲ್ಲ. ನಾನು ಆಪರೇಶನ್ ಮೇಜಿನ ಮೇಲೆ ಮಲಗಿದ್ದೆ. ಪಕ್ಕೆಲುಬಿನ ಕೆಳಗೆ ಕೊಯ್ದು ಕಲ್ಲು ತೆಗೆದು, ಖಾಲಿ ಇಂಜೆಕ್ಷನ್ ಶೀಶೆಯಲ್ಲಿ ಹಾಕಿ ದಿಂಬಿನ ಪಕ್ಕ ಇಟ್ಟರು. ಎಚ್ಚರವಾದಾಗ ಪಕ್ಕದಿಂದ ಒಂದು ನಳಿಗೆ ಹೊರಟು ಮಂಚದ ಕೆಳಗಿನ ಬಾಟ್ಲಿಗೆ ಇಳಿದಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನೀರು ಕೇಳಿದರೆ ನರ್ಸಮ್ಮ, ಹೊಟ್ಟೆಯೊಳಗಿನ ಗಾಳಿ ಸರಿಯುವವರೆಗೆ ಹನಿ ನೀರೂ ಇಲ್ಲ ಎಂದಳು. ಆಮೇಲೆ ತಾಸಿಗೊಮ್ಮೆ ಬಾಗಿಲಲ್ಲೇ ನಿಂತು, ಹನ್ನೆರಡು ಮಂಚಗಳ ವಾರ್ಡಿಗೆಲ್ಲ ಕೇಳುವಂತೆ, "ಟೀಚರ್, ಗಾಳಿ ಹೋತೇನ್ರಿ?" ಎಂದು ವಿಚಾರಿಸುತ್ತಿದ್ದಳು. ಎದುರು ಮಂಚದಲ್ಲಿದ್ದ ಹಿರೇಕೊಟ್ನೆಕಲ್ ಊರಿನ ಮುದುಕಿ ನನ್ನ ಪರವಾಗಿ ಇನ್ನೂ ಇಲ್ಲವೆಂದು ಉತ್ತರ ಕೊಡುತ್ತಿದ್ದಳು. ಮೂರನೆಯ ದಿನ ಆ ಶುಭವಾರ್ತೆ ಹೊರಟಾಗ ಇಡೀ ವಾರ್ಡು ಸಂಭ್ರಮಿಸಿತು. ಇಪ್ಪತ್ತನಾಲ್ಕು ವರ್ಷ ಜೋಪಾನ ಮಾಡಿದ ನನ್ನ ಗಾಂಭೀರ್ಯ ಆ ಗಾಳಿಯ ಜೊತೆಗೇ ಹೋಯಿತು.

ಆರನೆಯ ದಿನ ಮಾವ ಬಂದ. ಹಿಂದೆ ದೇವದುರ್ಗದ ಹುಡುಗ, ಅವನ ತಾಯಿ. ಅವರ ಕಿವಿಗೂ ಮಾನ್ವಿಯ ಸುದ್ದಿ ಬಿದ್ದಿತ್ತು. ಮಾವನ ಮುಖ ಸುಣ್ಣವಾಗಿತ್ತು. ಆ ತಾಯಿ ಸ್ಟೂಲಿನ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು, ನೇರವಾಗಿ ಕೇಳಿದಳು.

"ಪಿಂಡ ತೆಗಿಸ್ಯಾಳ ಅಂತ ಮಂದಿ ಮಾತಾಡಾಕತ್ತಾರ. ಖರೇ ಏನದ ಹೇಳಿಬಿಡು."

ಅವ್ವ ಅಳತೊಡಗಿದಳು. ನನ್ನ ಹೆಸರು, ನೌಕರಿ, ಅವ್ವನ ಮುಖ ಎಲ್ಲವೂ ನಾನು ನುಂಗಿದ್ದ ಎರಡಕ್ಷರದ ಮೇಲೆ ನಿಂತಿದ್ದವು. ನಾನು ದಿಂಬು ಅವಚಿಕೊಂಡು, ಹೊಲಿಗೆ ಜಗ್ಗುತ್ತಿದ್ದರೂ ಎದ್ದು ಕುಳಿತೆ.

"ಮೂತ್ರಪಿಂಡ ರೀ. ಮೂತ್ರ ತಯಾರಾಗೋ ಜಾಗ. ಎಲ್ಲಾರಿಗೂ ಎರಡಿರತಾವ, ನಿಮಗೂ ಅದಾವ. ಮೂತ್ರ ಅಂತ ಬರಿಯಾಕ ನಾಚಿಕಿ ಬಂತು, ಬಿಟ್ಟೆ. ನಾ ಮಾಡಿದ ತಪ್ಪು ಅದೊಂದ. ಕಲ್ಲು ಈ ಶೀಶೆದಾಗ ಅದ, ನೋಡ್ರಿ. ಸಾಲದಿದ್ರ ಡಾಕ್ಟರ್ನ ಕೇಳ್ರಿ."

ಆ ಪದವನ್ನು ಅಷ್ಟು ಜೋರಾಗಿ ನಾನು ಎಂದೂ ಆಡಿರಲಿಲ್ಲ. ಆಡಿದ ಮೇಲೆ ಛಾವಣಿ ಕುಸಿಯಲಿಲ್ಲ. ಮುದುಕಿ ಮಾತ್ರ, "ನಂದೂ ಅದ ಜಾಗ ಬೇ" ಎಂದು ಸಾಕ್ಷಿ ನುಡಿದಳು. ಆ ತಾಯಿ ಇಂಜೆಕ್ಷನ್ ಶೀಶೆಯನ್ನು ಬೆಳಕಿಗೆ ಹಿಡಿದು, ಕುಲುಕಿ, ಸದ್ದು ಕೇಳಿ, ಡಾಕ್ಟರನ್ನೂ ಕೇಳಲು ಮಾವನೊಡನೆ ಹೊರಗೆ ನಡೆದಳು. ಅವ್ವ ಕಣ್ಣೊರೆಸಿಕೊಳ್ಳುತ್ತ ಹಿಂಬಾಲಿಸಿದಳು.

ಉಳಿದವನು ಹುಡುಗ. ಇನ್ನೇನು ಕೇಳುತ್ತಾನೋ, ಅಡುಗೆ ಬರುತ್ತದೆಯೇ ಎನ್ನುತ್ತಾನೋ ಎಂದು ನಾನು ಕಾದೆ. ಅವನು ಬಾಗಿಲ ಕಡೆ ನೋಡಿ, ಸ್ಟೂಲನ್ನು ಹತ್ತಿರ ಎಳೆದುಕೊಂಡ.

"ಕೊಯ್ಯೋವಾಗ ಭಾಳ ತ್ರಾಸಾಗತದೇನ್ರಿ?"

ಅವನಿಗೂ ಎಡಗಡೆ ಕಲ್ಲಿತ್ತು, ಎರಡು ವರ್ಷದಿಂದ. ಲಗ್ನವಾಗುವವರೆಗೆ ತುಟಿ ಬಿಚ್ಚಬಾರದೆಂದು ತಾಯಿಯ ಅಪ್ಪಣೆಯಂತೆ. ನನಗೆ ನಗು ಬಂತು. ಹೊಲಿಗೆಯಿದ್ದವರು ನಗಬಾರದೆಂಬುದು ಆಗ ತಿಳಿಯಿತು. ಅದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಕೊಯ್ಯುವಾಗ ಏನೂ ತಿಳಿಯುವುದಿಲ್ಲ, ತಿಳಿಯುವುದೆಲ್ಲ ಆಮೇಲೆ. ಕೆಮ್ಮಿದರೆ ಪ್ರಾಣ ಹೋಗುತ್ತದೆ, ಪಕ್ಕಕ್ಕೆ ದಿಂಬು ಒತ್ತಿಕೊಳ್ಳಬೇಕು. ಎರಡನೆಯ ದಿನವೇ ಹಿಡಿದೆಬ್ಬಿಸಿ ನಡೆಸುತ್ತಾರೆ, ಬೈದುಕೊಳ್ಳುತ್ತಲೇ ನಡೆಯಬೇಕು. ಹೊಲಿಗೆ ಬಿಚ್ಚುವುದು ಇರುವೆ ಕಚ್ಚಿದಷ್ಟೇ. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಆದರೆ ಆ ಹಿಂಡುವ ನೋವು ಮಾತ್ರ ಹೋಯಿತೆಂದರೆ ಹೋಯಿತು. ಅವನು ಪರೀಕ್ಷೆಗೆ ಓದುವವನಂತೆ ತಲೆಯಾಡಿಸುತ್ತ ಕೇಳಿದ.

ಅಷ್ಟರಲ್ಲಿ ಅವರೆಲ್ಲ ಮರಳಿದರು. ಮಾವನ ಮುಖಕ್ಕೆ ಬಣ್ಣ ಬಂದಿತ್ತು. ಡಾಕ್ಟರು ಸಮಾಧಾನ ಹೇಳಿದ್ದಾರೆ, ಇವರು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾರೆ ಎಂದ. ಆ ದೊಡ್ಡ ಮನಸ್ಸು ನನ್ನ ಹೊಲಿಗೆಗಿಂತ ಹೆಚ್ಚು ಚುಚ್ಚಿತು.

"ನಾ ನನ್ನ ಕಲ್ಲು ತೋರಿಸೀನಿ ಮಾವ. ಅವರೂ ತಮ್ಮದು ತೆಗಿಸ್ಕೊಂಡು, ಶೀಶೆ ತಗೊಂಡು ಬರ್ಲಿ. ನನಗೂ ದೊಡ್ಡ ಮನಸ್ಸು ಮಾಡಾಕ ಬರತದೇನೋ ನೋಡ್ತೀನಿ."

ಹುಡುಗ ನೆಲ ನೋಡಿದ. ತಾಯಿ ಮಗನನ್ನು ನೋಡಿದಳು. ಸಂಬಂಧ ಅಲ್ಲಿಗೆ ಮುಗಿಯಿತು. ಮಾವ ಒಂದು ವರ್ಷ ನನ್ನೊಡನೆ ಮಾತು ಬಿಟ್ಟ. ನಾನು ಮಾನ್ವಿಗೆ ಮರಳಿ, ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಆ ಪೂರ್ವಪದವನ್ನು ಸ್ಪಷ್ಟ ಉಚ್ಚಾರಣೆಯೊಡನೆ ಸೇರಿಸಿ ಹೇಳಿದೆ. ಹೆಡ್‌ಮಾಸ್ತರರು ಚಹಾ ಚೆಲ್ಲಿಕೊಂಡರು. ನನಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ.

ಹುಡುಗ ಆಮೇಲೆ ಆಪರೇಶನ್ ಮಾಡಿಸಿಕೊಂಡು, ಬಾಯಿ ಕಡಿಮೆಯಿರುವ ಒಬ್ಬಳನ್ನು ಮದುವೆಯಾಗಿ ಸುಖವಾಗಿದ್ದಾನೆ. ಉಪಕಾರ ಮಾತ್ರ ಮರೆತಿಲ್ಲ. ದೇವದುರ್ಗದಲ್ಲಿ ಯಾವ ಹೆಣ್ಣುಮಗಳಿಗೆ ಪಕ್ಕೆ ನೋವು ಬಂದರೂ, ಮೊದಲು ಮಾನ್ವಿಯ ಟೀಚರನ್ನು ಕೇಳಿ ಎಂದು ಬಸ್ಸು ಹತ್ತಿಸುತ್ತಾನೆ. ಅವರಿಗೆ ಮಾತು ಸಾಲುವುದಿಲ್ಲ, ಗುರುತು ನೋಡಬೇಕು. ನಾನು ಬಾಗಿಲು ಮುಂದೆ ಮಾಡಿ, ಕುಪ್ಪಸದ ಅಂಚು ಎತ್ತಿ ತೋರಿಸುತ್ತೇನೆ. ಮನಸ್ಸಿನಲ್ಲಿ ಅದನ್ನೊಂದು ಯುದ್ಧದ ಗಾಯವೆಂದೇ ಇಟ್ಟುಕೊಂಡಿದ್ದೆ. ಹೋದ ವಾರ ಬಂದವಳು ತುಂಬ ಹೆದರಿದ್ದಳು. ಬಗ್ಗಿ ನೋಡಿದಳು, ಬೆರಳಿನಿಂದ ಅಳೆದೂ ನೋಡಿದಳು. ಮುಖ ಅರಳಿತು.

"ಇಷ್ಟ ಏನ್ರಿ ಟೀಚರ್?" ಎಂದಳು. "ಸುಮ್ನ ಹೆದರಿದ್ದೆ."

ಅವಳು ಧೈರ್ಯವಾಗಿ ಆಸ್ಪತ್ರೆಗೆ ಹೋದಳು. ತೋರಿಸಿದ್ದು ಅದಕ್ಕಾಗಿಯೇ. ಆದರೂ ಎರಡು ದಿನ ನನಗೆ ಊಟ ರುಚಿಸಲಿಲ್ಲ.