ಅವರೆಬೇಳೆಯ ಆದಿತಾಳ

ಕೆಲವರಿಗೆ ಉಗುರು ಕಚ್ಚುವ ಅಭ್ಯಾಸ, ಕೆಲವರಿಗೆ ಬೇರೆಯವರ ಮನೆ ಗೋಡೆಯ ಫೋಟೋ ನೇರ ಮಾಡುವ ಅಭ್ಯಾಸ. ನನ್ನದು ತಾಳ ಹಾಕುವುದು. ಮೈಸೂರಿನಲ್ಲಿ ಏಳು ವರ್ಷ ಸಂಗೀತದ ಪಾಠಕ್ಕೆ ಹೋದೆ. ಕಂಠ ಬರಲಿಲ್ಲ, ತಾಳ ಮಾತ್ರ ಬಂತು, ಬಂದದ್ದು ಹೋಗಲೇ ಇಲ್ಲ. ಡಿಶ್‌ವಾಷರ್ ಗುಡುಗುಟ್ಟಿದರೂ ಸರಿ, ನನ್ನ ಬಲಗೈ ತೊಡೆಯ ಮೇಲೆ ಒಂದು ಪೆಟ್ಟು, ಮೂರು ಬೆರಳು ಅಂತ ಎಂಟೆಣಿಕೆಯ ಆದಿತಾಳ ಶುರು ಮಾಡಿಬಿಡುತ್ತದೆ. ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯಲ್ಲಿ ಹೀಗೇ ತಟ್ಟುತ್ತಿದ್ದಾಗ ಸಿಸ್ಟರ್ ಬೆನೆಡಿಕ್ಟಾ ಪಕ್ಕಕ್ಕೆ ಬಂದು ನಿಂತು, ಬಹಳ ಮೆತ್ತಗೆ, "ಮಗೂ, ದೇವರಿಗೆ ಲೆಕ್ಕ ಬರುತ್ತೆ. ನೀನು ಎಣಿಸಿಕೊಡೋದು ಬೇಡ" ಅಂದಿದ್ದರು. ಅದರ ಬದಲು ಒಂದು ಏಟು ಕೊಟ್ಟಿದ್ದರೆ ಬೇಗ ಮರೆಯುತ್ತಿದ್ದೆ.

ಅಮೆರಿಕದ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿಗೆ ಬಂದ ಮೇಲೆ ಇದೇ ಚಟಕ್ಕೆ ಮರ್ಯಾದೆ ಸಿಕ್ಕಿತು. ನಮ್ಮ ಶುಕ್ರವಾರದ ಭಜನೆಯಲ್ಲಿ ಕಂಚಿನ ತಾಳದ ಜೋಡಿ ನನ್ನ ಕೈಯಲ್ಲೇ ಇರಬೇಕು. ಮಂಡಳಿಗೆಲ್ಲ ಹಿರಿಯರಾದ ಸರೋಜಾ ಆಂಟಿ, "ನೀವಿದ್ರೆ ಯಾರೂ ಓಡೋಲ್ಲ ಕಣ್ರೀ, ಎಲ್ಲ ಲೈನಲ್ಲಿ ಬರ್ತಾರೆ" ಎಂದು ಹೊಗಳುತ್ತಿದ್ದರು. ಹೊಗಳಿದಾಗ ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆಯಿಂದಲ್ಲ, ಪಕ್ಕದವರ ತಪ್ಪು ಚಪ್ಪಾಳೆ ಕಣ್ಣಿಗೆ ಬೀಳದಿರಲಿ ಎಂದು.

ಹೀಗಿರುವಾಗ ಪಕ್ಕದ ಮನೆಯ ಹ್ಯಾನಾ ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಅವರು ಯೆಹೂದಿಗಳು. ಹುಡುಗಿ ಹ್ಯೂಸ್ಟನ್ನಿನ ಒಂದು ಯೂನಿವರ್ಸಿಟಿಯಲ್ಲಿ ತಮ್ಮವರ ದೇವರ ಸಂಗೀತವನ್ನೇ ಓದುತ್ತಿದ್ದಾಳೆ. ಮುಂದೆ ಕ್ಯಾಂಟರ್ ಆಗಬೇಕಂತೆ. ಕ್ಯಾಂಟರ್ ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ ಮುಂದೆ ನಿಂತು, ಎಲ್ಲರ ಪರವಾಗಿ ಪ್ರಾರ್ಥನೆ ಹಾಡುವವರು. ಧಾರವಾಡದವರಾದ ನನ್ನ ಯಜಮಾನರಿಗೆ ಹೇಳಿದೆ. "ಪ್ರಾರ್ಥನಾ ಹಾಡ್ಲಿಕ್ಕೆ ಪರೀಕ್ಷಾ ಇರತದೇನು? ನಿಮ್ಮ ಭಜನಿ ಮಂದಿಗೂ ಒಂದು ಇಟ್ಟಿದ್ರ ಛಲೋ ಇತ್ತು" ಎಂದರು. ಅವರು ಭಜನೆಗೆ ಬರುವುದು ಪ್ರಸಾದದ ಹೊತ್ತಿಗೆ.

ಹ್ಯಾನಾಳ ಕಷ್ಟ ಅವರ ಮನೆಯ ನಾಯಿ ಬಿಸ್ಕಿಟ್. ಅವಳು ಬಾಯಿ ತೆರೆದರೆ ಸಾಕು, ಅದೂ ಕತ್ತೆತ್ತಿ ಊಳಿಡುತ್ತದೆ. "ಆಂಟಿ, ಅದಕ್ಕೆ ನನಗಿಂತ ಮೇಲಿನ ಸ್ವರ ಸಿಗುತ್ತೆ, ನನಗೆ ಹೊಟ್ಟೆಕಿಚ್ಚು" ಅಂದಳು. ವರ್ಷದ ಕೊನೆಗೆ ಮೂವರು ಪರೀಕ್ಷಕರ ಮುಂದೆ ಸಂಜೆಯ ಪ್ರಾರ್ಥನೆ ಪೂರ್ತಿ ಹಾಡಬೇಕು. ಅವರು ಒಪ್ಪಿದರೆ ಮಾತ್ರ ಕ್ಯಾಂಟರ್ ಶಾಲೆಗೆ ಶಿಫಾರಸು ಪತ್ರ, ಇಲ್ಲವಾದರೆ ಇಲ್ಲ. ನನ್ನ ಡೈನಿಂಗ್ ರೂಮಿನಲ್ಲಿ ದಿನಾ ಒಂದು ಗಂಟೆ ಅಭ್ಯಾಸ ಮಾಡಬಹುದೇ? ಧಾರಾಳವಾಗಿ ಮಾಡು ಎಂದೆ. ಮಗಳು ಓದಲಿಕ್ಕೆ ಆಸ್ಟಿನ್‌ಗೆ ಹೋದ ಮೇಲೆ ಆ ಕುರ್ಚಿಗಳ ಮೇಲೆ ಮಡಿಸದ ಬಟ್ಟೆ ಬಿಟ್ಟು ಬೇರೆ ಯಾರೂ ಕೂತಿರಲಿಲ್ಲ.

ಹ್ಯಾನಾ ಸ್ವರ ಹಿಡಿಯಲು ಕವಲಿನಂಥ ಒಂದು ಪುಟ್ಟ ಉಕ್ಕಿನ ಶ್ರುತಿಕಡ್ಡಿಯನ್ನು ಮಂಡಿಗೆ ತಟ್ಟಿ, ಕಿವಿಗೆ ಹಿಡಿದು ಶುರು ಮಾಡುತ್ತಿದ್ದಳು. ಬೆಳಗಿಗೆ ಒಂದು ಧಾಟಿ, ಸಂಜೆಗೆ ಒಂದು, ವರ್ಷದ ಮೊದಲ ಹಬ್ಬಕ್ಕೆ ಮತ್ತೊಂದು ಅಂತ ಅವಳು ವಿವರಿಸಿದಾಗ, "ಅಯ್ಯೋ, ನಮ್ಮಲ್ಲೂ ಹೊತ್ತಿಗೊಂದು ರಾಗ ಇದೆಯಲ್ಲ!" ಎಂದು ನಾನು ಎಷ್ಟು ಹಿಗ್ಗಿದೆನೆಂದರೆ, ಅವಳು ಆಮೇಲೆ ಹೇಳಿದ ಮುಖ್ಯವಾದ ಮಾತು ಕಿವಿಗೇ ಬೀಳಲಿಲ್ಲ. ಈ ಹಾಡಿಗೆ ತಾಳವಿಲ್ಲ. ಮಾತು ಎಲ್ಲಿ ಉಸಿರು ಕೇಳುತ್ತದೋ ಅಲ್ಲಿ ನಿಲ್ಲಬೇಕು, ಎಲ್ಲಿ ಹರಿಯುತ್ತದೋ ಅಲ್ಲಿ ಹರಿಯಬಿಡಬೇಕು.

ಅವಳು ಹಾಡುವ ಹೊತ್ತು ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿಚುಕುವ ಹೊತ್ತು. ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಿಂದ ಫ್ರೋಜನ್ ಅವರೆಕಾಳಿನ ಹತ್ತು ಪ್ಯಾಕೆಟ್ ತಂದಿದ್ದೆ. ನೀರಲ್ಲಿ ಬಿಟ್ಟು, ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಸ್ಟೀಲ್ ಬೇಸಿನ್ನಿಗೆ ಟಣ್ ಎಂದು ಬೀಳುತ್ತದೆ. ಎಂಟು ಕಾಳು, ಸಿಪ್ಪೆ ಆಚೆಗೆ. ಮತ್ತೆ ಎಂಟು. ಆರು ವಾರ ಹೀಗೆ ನಡೆಯಿತು. "ನಿಮ್ಮ ಬೌಲಿನ ಸದ್ದು ನನ್ನನ್ನು ಶಾಂತ ಮಾಡುತ್ತೆ ಆಂಟಿ" ಎಂದಿದ್ದಳು ಪಾಪ. ನಾನೂ ನಂಬಿ ಇನ್ನಷ್ಟು ಅಚ್ಚುಕಟ್ಟಾಗಿ ಹಿಚುಕಿದೆ.

ಪರೀಕ್ಷೆಗೆ ಮೂರು ವಾರ ಇರುವಾಗ ಅವಳು ಬಂದು, ಪುಸ್ತಕ ತೆರೆಯದೆ ಸುಮ್ಮನೆ ಕೂತಳು. ಅವಳ ಮೇಷ್ಟ್ರು ಅಂದು ಹಾಡಿಸಿ ಕೇಳಿದರಂತೆ. ಅರ್ಧದಲ್ಲೇ ಕೈ ಎತ್ತಿ, "ಹ್ಯಾನಾ, ಇದು ಪ್ರಾರ್ಥನೆಯಾ, ಕವಾಯತಾ? ಪ್ರತಿ ಸಾಲೂ ಎಂಟಕ್ಕೆ ಬಂದು ಸಲ್ಯೂಟ್ ಹೊಡೀತಾ ಇದೆ. ಹೀಗೇ ಹಾಡಿದರೆ ನಾನು ಪತ್ರ ಬರೆಯಲಾರೆ" ಎಂದರಂತೆ. "ಮೊದಲು ಹೀಗಿರಲಿಲ್ಲ ಆಂಟಿ. ಎಲ್ಲಿಂದ ಬಂತು ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಕಣ್ಣೊರೆಸಿಕೊಂಡಳು. ನನ್ನ ಕೈಯಲ್ಲಿದ್ದ ಕಾಳು ಐದನೆಯದು. ಆರನೆಯದನ್ನು ಒತ್ತಲಿಲ್ಲ.

ತಕ್ಷಣ ಒಪ್ಪಿಕೊಂಡೆ ಎಂದು ಬರೆಯಲು ಆಸೆ. ಆದರೆ ಎರಡು ದಿನ ಸುಮ್ಮನಿದ್ದೆ. ಬೇರೆ ಕಾರಣ ಇರಬಹುದು, ನಾಯಿಯದೂ ಇರಬಹುದು ಎಂದು ಯೋಚಿಸಿದೆ. ಮಗಳಿಗೆ ಫೋನ್ ಮಾಡಿ ಹೇಳಿದರೆ, "ಅಮ್ಮಾ, ಓ ಮೈ ಗಾಡ್, ಯೂ ಬ್ರೋಕ್ ಹರ್!" ಎಂದು ನಕ್ಕಳು. ಮೂರನೆಯ ದಿನ ಬೇಸಿನ್ನನ್ನು ಡೈನಿಂಗ್ ಟೇಬಲ್ಲಿನ ಮೇಲೆ ತಂದಿಟ್ಟು, ಹ್ಯಾನಾಳ ಎದುರಿಗೇ ಹಿಚುಕಿ ತೋರಿಸಿದೆ. ಅವಳು ನನ್ನ ಬೆರಳು ನೋಡಿದಳು, ಬೇಸಿನ್ ನೋಡಿದಳು, ಎಂಟನೆಯ ಕಾಳಿಗೆ ತನಗರಿವಿಲ್ಲದೆ ತಲೆ ಆಡಿಸಿದಳು. ಬಯ್ಯುತ್ತಾಳೆ ಎಂದುಕೊಂಡೆ. "ಆಂಟಿ, ದೆವ್ವ ಹಿಡಿದಿದೆ ಅಂದುಕೊಂಡಿದ್ದೆ. ಬೀನ್ಸಾ?" ಎಂದು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಗಂಭೀರವಾಗಿ, "ನೀವೇ ಹಾಳು ಮಾಡಿದ್ದು, ನೀವೇ ಸರಿ ಮಾಡಬೇಕು" ಎಂದಳು.

ಸರಿ ಮಾಡುವ ವಿಧಾನ ಇಷ್ಟೇ. ಅವಳು ಹಾಡುವಾಗ ನಾನು ಎದುರಿಗೆ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅಲ್ಲಾಡದೆ ಕೇಳಬೇಕು. ಅಲ್ಲಾಡದ ನನ್ನನ್ನು ನೋಡಿದರೆ ಅವಳಿಗೆ ಉಸಿರಿನ ನೆನಪಾಗುತ್ತದಂತೆ. ಮೊದಲ ವಾರ ಬೆರಳುಗಳು ಕೆಳಗೇ ಒದ್ದಾಡಿದವು. ಬಳೆ ಬಿಚ್ಚಿಟ್ಟೆ. ಮನೆಗೆಲಸದಲ್ಲೂ ಎಣಿಕೆ ಬಿಡಬೇಕೆಂದು ಹಟ ಹಿಡಿದೆ. ಚಪಾತಿ ಭೂಪಟವಾಯಿತು. "ಏನ ಮಾಡ್ಲಿಕ್ಕತ್ತೀ? ಉಪ್ಪಿಟ್ಟಿನ್ಯಾಗ ಗಂಟು ನೋಡು, ಒಂದೊಂದು ನಿಂಬಿಹಣ್ಣಿನಷ್ಟ ಅವ" ಎಂದು ಯಜಮಾನರು ತಟ್ಟೆ ತೋರಿಸಿದರು. ಒಂದು ಹುಡುಗಿಯ ಭವಿಷ್ಯದ ಪ್ರಶ್ನೆ, ಸುಮ್ಮನೆ ತಿನ್ನಿ ಎಂದೆ. ತಿಂದರು.

ಪರೀಕ್ಷೆಗೆ ನನ್ನನ್ನೂ ಕರೆದುಕೊಂಡು ಹೋದಳು. ಯೂನಿವರ್ಸಿಟಿಯ ಸಣ್ಣ ಹಾಲ್, ಮರದ ನೆಲ. ಅವಳ ಮೇಷ್ಟ್ರ ಪಕ್ಕದಲ್ಲಿ ಇನ್ನೊಬ್ಬ ಅಧ್ಯಾಪಕಿ, ಅವರಾಚೆಗೆ ಡಾಲಸ್‌ನಿಂದ ಬಂದ ವಯಸ್ಸಾದ ಕ್ಯಾಂಟರ್ ಒಬ್ಬರು. ಅವರ ಕೋಟಿನ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದಾಗಿತ್ತು. ನಾನು ಮೊದಲ ಸಾಲಿನಲ್ಲಿ ಕೈ ಮೇಲೆ ಕೂತೆ. ಹ್ಯಾನಾ ಶ್ರುತಿಕಡ್ಡಿ ತಟ್ಟಿ ಹಾಡಿದಳು. ಮೂರನೆಯ ಸಾಲಿನ ನಡುವೆ ನಿಲ್ಲಿಸಿದಳು. ಮರೆತಳು ಎಂದೇ ಅಂದುಕೊಂಡೆ. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಡಾಲಸ್‌ನವರು ಕಣ್ಣು ಮುಚ್ಚಿಕೊಂಡರು. ಆ ಮೌನ ಎಷ್ಟು ಹೊತ್ತಿತ್ತೋ ಹೇಳಲಾರೆ, ಏಕೆಂದರೆ ಬುದ್ಧಿ ಬಂದ ಮೇಲೆ ಮೊದಲ ಬಾರಿಗೆ ನಾನು ಎಣಿಸಿರಲಿಲ್ಲ. ಆಮೇಲೆ ಮುಂದಿನ ಮಾತು ತನ್ನಷ್ಟಕ್ಕೆ ತಾನೇ ಬಂತು.

ಪತ್ರ ಅದೇ ವಾರ ಸಿಕ್ಕಿತು. ಹ್ಯಾನಾ ನನ್ನನ್ನು ಅಪ್ಪಿಕೊಂಡು, ಬಿಸ್ಕಿಟ್‌ನನ್ನೂ ಅಪ್ಪಿಕೊಂಡಳು. ನಾನು ನನ್ನ ತ್ಯಾಗವನ್ನು ನೆನೆದು ಸಂತೋಷಪಡುತ್ತಾ ಮೂರು ವಾರ ತಪ್ಪಿಸಿದ್ದ ಭಜನೆಗೆ ಆ ಶುಕ್ರವಾರ ಹೋಗಿ, ಎಂದಿನಂತೆ ಕಂಚಿನ ತಾಳ ಎತ್ತಿಕೊಂಡೆ. ಎರಡನೆಯ ಭಜನೆಯ ಹೊತ್ತಿಗೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಪಲ್ಲವಿ ಮುಗಿದಲ್ಲಿ ನಾನು ನಿಂತುಬಿಡುತ್ತಿದ್ದೆ, ಮಾತು ಉಸಿರು ಕೇಳುತ್ತದೇನೋ ಎಂದು ಕಾಯುತ್ತಾ. ಮಂಡಳಿ ಮುಂದೆ ಹೋಗಿರುತ್ತಿತ್ತು. ನಾಲ್ಕನೆಯದಕ್ಕೆ ಸರೋಜಾ ಆಂಟಿ ಮೆಲ್ಲನೆ ಪಕ್ಕಕ್ಕೆ ಸರಿದು, ತಾಳದ ಜೋಡಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, "ನೀವು ಪಾಪ ಸುಸ್ತಾಗಿದ್ದೀರ. ಇವತ್ತು ಪ್ರಸಾದ ನೋಡ್ಕೊಳ್ಳಿ" ಎಂದರು. ಸಿಸ್ಟರ್ ಬೆನೆಡಿಕ್ಟಾರದೇ ಮೆತ್ತನೆಯ ದನಿ. ನಾನು ಎದ್ದುಹೋಗಿ ಕೋಸಂಬರಿಯ ಪಾತ್ರೆಯ ಮುಂದೆ ಕೂತೆ. ಪ್ರಸಾದಕ್ಕೆಂದು ಆಗಲೇ ಬಂದು ಕೂತಿದ್ದ ಯಜಮಾನರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, "ನಿನ್ನ ಫೇಲ್ ಮಾಡಿದ್ರೇನು?" ಎಂದರು. ನಾನಾಗಲೇ ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.