ಬೇಸ್ ಗಿಟಾರಿನ ತಲೆಯ ಮೇಲಿನ ಹೆಸರು

ಮೂವತ್ತು ವರ್ಷ ಗಿಟಾರ್ ಕಾರ್ಖಾನೆಯಲ್ಲಿ ಮರ ಉಜ್ಜಿದ ಶಿಯೋಹಾರ ತೊಕುಜಿಗೆ ಹೊಟ್ಟೆಯೊಳಗೆ ಒಂದೇ ಒಂದು ಉರಿ. ಅವನ ಕೈಯಿಂದ ಹೊರಟ ಸಾವಿರಾರು ಗಿಟಾರುಗಳ ತಲೆಯ ಮೇಲೆ, ಅಂದರೆ ತಂತಿ ಬಿಗಿಯುವ ತುದಿಯಲ್ಲಿ, ಯಾರ್ಯಾರದೋ ಹೆಸರಿತ್ತು, ಅವನದು ಮಾತ್ರ ಇರಲಿಲ್ಲ. ಇಡೀ ಮಾತ್ಸುಮೊತೊ ಊರಿನಲ್ಲಿ ಅವನ ಹೆಸರು ರಾರಾಜಿಸುತ್ತಿದ್ದ ಜಾಗವೆಂದರೆ ಮನೆಯ ಬಾಗಿಲು. (ಅಲ್ಲೂ ಪಕ್ಕದಲ್ಲೇ ಹೆಂಡತಿಯ ಹೆಸರಿತ್ತು.)

ನಿವೃತ್ತಿಯಾದದ್ದೇ ತಡ, ಸಣ್ಣ ಕೈಯವರಿಗೆಂದೇ ಗಿಡ್ಡ ಕತ್ತಿನ ಒಂದು ಬೇಸ್ ಗಿಟಾರ್ ಮಾಡಿದ. ಅಷ್ಟು ಗಿಡ್ಡದ್ದಕ್ಕೆ ಅವನ ಕಾರ್ಖಾನೆ ಎಂದೂ ಕೈಹಾಕಿರಲಿಲ್ಲ. ಹಳೆಯ ಸಹೋದ್ಯೋಗಿ ಓಗಿಹಾರ ಉಪಾಯ ಹೇಳಿದ. ಅಂತರ್ಜಾಲದಲ್ಲಿ ಕ್ರೌಡ್‌ಫಂಡಿಂಗ್ ಪುಟ ತೆರೆಯುವುದು, ಬೇಕಾದವರು ಮುಂಗಡ ಕಟ್ಟುವುದು. ತಿಂಗಳೊಳಗೆ ಮೂವತ್ತು ಮಂದಿ ಸೇರಿದರೆ ಮೂವತ್ತೇ ಬೇಸ್, ಸೇರದಿದ್ದರೆ ಎಲ್ಲರ ದುಡ್ಡೂ ವಾಪಸ್, ಕನಸೂ ಬಂದ್. ಸೇರಿದರೆ ಮಾತ್ರ ಪ್ರತಿಯೊಂದರ ತಲೆಯ ಮೇಲೂ ಚಿನ್ನದ ಬಣ್ಣದಲ್ಲಿ 'ತೊಕುಜಿ'!

ಪುಟಕ್ಕೆ ಒಂದು ವಿಡಿಯೊ ಬೇಕಾಯಿತು. ತನ್ನ ಸರಕನ್ನು ತಾನೇ ಹೊಗಳುವುದು ಮಾನವಂತರ ಲಕ್ಷಣವಲ್ಲ ಎಂದು ನಂಬಿದ ತಲೆಮಾರು ತೊಕುಜಿಯದು. ಕೋಟು ತೊಟ್ಟು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ನಮಸ್ಕರಿಸಿ, "ಕ್ಷಮಿಸಿ, ಇದು ಅಂಥಾ ಹೇಳಿಕೊಳ್ಳೋ ವಸ್ತು ಏನಲ್ಲ. ನನ್ನಂಥ ಅರೆಬರೆ ಕೆಲಸದವನು ಮಾಡಿದ್ದು" ಎಂದ.

ಈಗಿನ ಹುಡುಗರು ಆ ಮಾತನ್ನು ಹಾಗೆಯೇ ನಂಬಿಬಿಟ್ಟರು. ಮೂರು ವಾರವಾದರೂ ಮುಂಗಡ ಕಟ್ಟಿದವರು ನಾಲ್ಕೇ ಜನ. ಅದರಲ್ಲಿ ಒಬ್ಬ ಓಗಿಹಾರನೇ.

ಕೊನೆಯ ಪ್ರಯತ್ನವೆಂದು ಓಗಿಹಾರ ನೇರ ಪ್ರಸಾರ ಇಟ್ಟ. ತೊಕುಜಿ ಮತ್ತೆ ಅದೇ ಕ್ಷಮಾಪಣಾ ಸ್ತೋತ್ರ ಶುರುಮಾಡಿದಾಗ ಅಡುಗೆಮನೆಯಲ್ಲಿದ್ದ ಹೆಂಡತಿ ಫುಸಾಕೊಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಮೂಲಂಗಿಯ ಸಮೇತ ನುಗ್ಗಿ ಬಂದಳು.

"ರೀ, ಸಾಕು ನಿಲ್ಸಿ! ಹೇಳ್ಕೊಳ್ಳೋ ವಸ್ತು ಅಲ್ವಂತೆ! ಹಾಗಿದ್ರೆ ನಾನು ಬಟ್ಟೆ ಒಣಗಿಸೋ ಕೋಣೆ ಯಾಕ್ರೀ ಕಿತ್ಕೊಂಡ್ರಿ? ನನ್ನ ಹಾಸಿಗೆ ತುಂಬ ಮರದ ಪುಡಿ ಯಾಕೆ?"

"ಫುಸಾಕೊ, ಜನ ನೋಡ್ತಿದ್ದಾರೆ ಕಣೇ…"

"ನೋಡ್ಲಿ! ಕತ್ತು ಒಂಚೂರು ದಪ್ಪ ಆಯ್ತು ಅಂತ ಊಟ ಬಿಟ್ಟು ಮತ್ತೆ ಮತ್ತೆ ಕೆತ್ತಿದ್ರಲ್ಲ, ಅದನ್ನ ಹೇಳಿ ಅವ್ರಿಗೆ. ಕೊಡಿ ಇಲ್ಲಿ!" ಬೇಸನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡಳು. "ನೋಡ್ರಪ್ಪಾ, ನನ್ನ ಕೈ ಮಕ್ಕಳ ಕೈ ಥರ ಇದೆ. ಆದ್ರೂ ಕಿರುಬೆರಳು ಎಲ್ಲೀತನಕ ಹೋಗತ್ತೆ ನೋಡಿ. ಹುಟ್ಟಿದಾಗಿಂದ ತಂತಿ ಮುಟ್ಟಿದವಳಲ್ಲ ನಾನು!"

ಡುಂಯ್ ಎಂದು ಮೀಟಿಯೂ ಬಿಟ್ಟಳು.

ತೊಕುಜಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಆದರೆ ಇವಳು ತನ್ನ ಕೆಲಸವನ್ನು ಇಷ್ಟೆಲ್ಲ ಗಮನಿಸಿದ್ದಾಳಲ್ಲ ಎಂದು ಒಳಗೊಳಗೇ ಹಿಗ್ಗಿದ.

ಮರುದಿನ ಸಂಜೆಗೆ ಮೂವತ್ತೂ ಖಾಲಿ. ಫುಸಾಕೊಳ ಬೈಗುಳ ಊರು ದಾಟಿ, ಸಮುದ್ರ ದಾಟಿ ಹೋಗಿತ್ತು. ತೊಕುಜಿ ಚಿನ್ನದ ಬಣ್ಣದ ಡಬ್ಬಿ ತೆರೆದು, ತೆಳ್ಳನೆಯ ಕುಂಚ ಹಿಡಿದು ಕುಳಿತ. ಅಷ್ಟರಲ್ಲಿ ಓಗಿಹಾರ ಬಂದ. ಚಹಾ ಕುಡಿದ, ಕೆಮ್ಮಿದ, ಹವಾಮಾನದ ಬಗ್ಗೆ ಮಾತಾಡಿದ.

"ಮುಂಗಡ ಕಟ್ಟಿದವರದ್ದು ಒಂದು ಕೋರಿಕೆ ಇದೆ… ತಲೆ ಮೇಲೆ 'ಫುಸಾಕೊ' ಅಂತ ಬರೆದ್ರೆ ಚೆನ್ನಾಗಿರತ್ತಂತೆ."

"ಎಲ್ಲರೂ ಹಾಗೇ ಅಂದ್ರಾ?"

"ಒಬ್ಬರನ್ನ ಬಿಟ್ಟು."

"ನೀನಾ?" ತೊಕುಜಿಯ ಕಣ್ಣು ತುಂಬಿತು.

"ಅಲ್ಲ, ನಾನೂ ಫುಸಾಕೊ ಅಂತಲೇ ಅಂದೆ. ಆ ಒಬ್ಬರು ಇನ್ನೂ ಉತ್ತರ ಬರೆದಿಲ್ಲ, ಅಷ್ಟೆ. ಆದ್ರೆ ನಿಮ್ಮ ಹೆಸರೇ ಬೇಕು ಅಂತಿದ್ರೆ ಈಗ್ಲೇ ಹೇಳಿಬಿಡಿ. ಯಾರೂ ಬೇಡ ಅನ್ನಲ್ಲ."

ಬೇಕು ಎಂದು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಮೂವತ್ತು ವರ್ಷದ ಉರಿಯೆಲ್ಲ ಗಂಟಲಿಗೆ ಬಂದು ನಿಂತಿತು. ಆದರೆ ಬೆನ್ನು ತಾನಾಗಿ ಬಗ್ಗಿತು, ಬಾಯಿ ತಾನಾಗಿ ನುಡಿಯಿತು: "ಛೆ ಛೆ, ನನ್ನ ಹೆಸರೇನು ಮಹಾ! ದಯವಿಟ್ಟು ಅವಳದ್ದೇ ಇರಲಿ."

ಓಗಿಹಾರನಿಗೆ ಮಹದಾನಂದವಾಯಿತು. ತೊಕುಜಿ ಕುಂಚ ಅದ್ದಿ ಮೊದಲನೆಯ ಬೇಸ್ ಮೇಲೆ ಬರೆಯತೊಡಗಿದ. ಫುಸಾಕೊ ಕನ್ನಡಕ ಏರಿಸಿಕೊಂಡು ಹಿಂದಿನಿಂದ ಬಗ್ಗಿ ನೋಡಿದಳು.

"ರೀ, ಸ್ವಲ್ಪ ಸೊಟ್ಟಗಿದೆ. ಒರೆಸಿ ಇನ್ನೊಂದ್ಸಲ ಬರೀರಿ."